ಓಡದ ಜಬಿ

ಫುಟ್‌ಬಾಲ್ ಆಡುವಾಗ ಜಬಿ ಓಡುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಹರಿಹರದ ಬಸ್ಸಿಗೆ ಕಾಯುವವನ ಹಾಗೆ ಎದುರಾಳಿಯ ಗೋಲಿನ ಹತ್ತಿರ ನಿಂತಿರುತ್ತಿದ್ದ. ಓಡುತ್ತಿದ್ದವನು ನಾನು. ಗೋಲು ಮಾತ್ರ ಅವನದಾಗುತ್ತಿತ್ತು.

ಮಂಡಿಪೇಟೆಯಲ್ಲಿ ಅವನ ಅಬ್ಬಾ ಹಾಸಿಗೆ ಹೊಲಿಯುತ್ತಿದ್ದರು. ಎದುರಿನ ಬೆಲ್ಲದ ಅಂಗಡಿ ನಮ್ಮದು. ಜಬಿ ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಆಡಲು ಬರುತ್ತಿದ್ದ. "ಹಂಗ್ಯಾಕ ಓಡ್ತೀಯಲೇ ಮಂಜ? ಚೆಂಡು ಎಲ್ಲಿಗೋಗ್ತೈತೆ, ಇಲ್ಲಿಗೇ ಬರ್ತೈತೆ" ಎನ್ನುತ್ತಿದ್ದ.

ಬೆಂಗಳೂರಿನ ಕ್ಲಬ್ಬೊಂದು ಆಟಗಾರರನ್ನು ಆರಿಸಲು ಹರಿಹರದ ಮೈದಾನಕ್ಕೆ ಬಂದ ದಿನ ನಾನು ನಾಲ್ವರನ್ನು ತಪ್ಪಿಸಿಕೊಂಡು ಮುನ್ನುಗ್ಗಿದೆ. ಇಬ್ಬರೇ ಇರಬಹುದು, ಹೇಳುತ್ತ ಹೇಳುತ್ತ ಸಂಖ್ಯೆ ಬೆಳೆದಿದೆ. ಎಡಗಡೆ ಜಬಿ ಒಬ್ಬನೇ ನಿಂತಿದ್ದ. ನಾನು ನೋಡಿದೆ, ಇದರಲ್ಲಿ ಅನುಮಾನವಿಲ್ಲ. ನೋಡಿಯೂ ನಾನೇ ಗೋಲಿಗೆ ಹೊಡೆದೆ. ಚೆಂಡು ಕೀಪರನ ಎದೆಗೆ ಬಡಿದು ಜಬಿಯ ಮುಂದೆ ಬಿತ್ತು. ಪಾದದಿಂದಲೋ ಮೊಣಕಾಲಿನಿಂದಲೋ ಒಳಗೆ ತಳ್ಳಿದ. ಅವರು ಆರಿಸಿದ್ದು ಅವನನ್ನು.

ಬೆಂಗಳೂರು, ಗೋವಾ, ಕೋಲ್ಕತ್ತ, ಕೇರಳ. ಕ್ಲಬ್ ಬದಲಾದಂತೆ ಅವನ ಅಂಗಿಯ ಬಣ್ಣ ಬದಲಾಯಿತು. ನಾನು ಬೆಲ್ಲದ ಅಂಗಡಿಯಲ್ಲೇ ಕೂತೆ. ಟೀವಿಯಲ್ಲಿ ಅವನ ಆಟ ಬಂದಾಗ ಗಿರಾಕಿಗಳು "ನಮ್ಮ ಜಬಿ" ಎಂದು ಹಿಗ್ಗುತ್ತಿದ್ದರು. ಅವನು ಎಡವಲಿ ಎಂದು ನಾನು ಕಾಯುತ್ತಿದ್ದೆ. ಕೋಲ್ಕತ್ತದವರು ಅವನನ್ನು ಕೈಬಿಟ್ಟ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಅವನೋ, ಹೋದಲ್ಲೆಲ್ಲ ಪತ್ರಿಕೆಯವರಿಗೆ ಒಂದೇ ಮಾತು ಹೇಳುತ್ತಿದ್ದ: "ಹರಿಹರದ ಆ ಗೋಲಿಗೆ ಪಾಸ್ ಕೊಟ್ಟವನು ಗೆಳೆಯ ಮಂಜ, ನಾನು ತಿನ್ನುವ ಅನ್ನ ಅವನದು." ಓದಿದವರು ಅಂಗಡಿಗೆ ಬಂದು ನನ್ನ ಕೈ ಕುಲುಕುತ್ತಿದ್ದರು. ಅವನ ಗೋಲುಗಳಿಗಿಂತ ಈ ದೊಡ್ಡತನವೇ ನನ್ನನ್ನು ಹೆಚ್ಚು ಸುಟ್ಟಿತು.

ಮೊಣಕಾಲು ಕೈಕೊಟ್ಟು ಆಟ ನಿಂತ ಮೇಲೆ, ಕಳೆದ ವರ್ಷ ಜಬಿ ಊರಿಗೆ ಬಂದ. ಹರಿಹರದ ಅದೇ ಮೈದಾನದಲ್ಲಿ ಸನ್ಮಾನ. ಮೈಕಿನಲ್ಲಿ ಮತ್ತೆ ಪಾಸಿನ ಕಥೆ ಹೇಳಿದ; ನನ್ನನ್ನೂ ಕರೆದು ಶಾಲು ಹೊದಿಸಿದರು. ಮುಗಿದ ಮೇಲೆ ಗೋಲಿನ ಕಂಬದ ಹತ್ತಿರ ನಿಂತಿದ್ದ, ಕೈ ಸೊಂಟದ ಮೇಲೆಯೇ. ಹೋಗಿ ಹೇಳಿಬಿಟ್ಟೆ:

"ಅದು ಪಾಸ್ ಅಲ್ಲಲೇ. ನಿನ್ನ ನೋಡಿದ್ದೆ. ಬೇಕಂತಲೇ ಕೊಡ್ಲಿಲ್ಲ."

ಪೆಚ್ಚಾಗಲಿ ಎಂದು ಅವನ ಮುಖವನ್ನೇ ನೋಡಿದೆ. ಜಬಿ ನಕ್ಕ.

"ಗೊತ್ತೈತೆ ಬಿಡಲೇ. ನೀ ಯಾವತ್ತು ಕೊಟ್ಟೀಯ? ಕೊಡಲ್ಲ ಅಂತ ಗೊತ್ತಿದ್ದಕ್ಕೇ, ನೀ ಕಾಲೆತ್ತಿದ ಕೂಡ್ಲೇ ಕೀಪರ್ ಕಡಿಗೆ ಓಡಿದೆ."

ಈಗ ಅವನು ಗೋವಾದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನಂತೆ. ಮತ್ತೆ ಭೇಟಿಯಾಗಿಲ್ಲ. ಆ ದಿನವನ್ನು ಎಷ್ಟು ಸಲ ನೆನೆಸಿಕೊಂಡರೂ ಜಬಿ ಎಡಗಡೆ ನಿಂತೇ ಕಾಣುತ್ತಾನೆ. ಓಡಿದ್ದು ಒಮ್ಮೆಯೂ ಕಂಡಿಲ್ಲ.