ಪಕ್ಕದಂಗಡಿಯವರನ್ನು ಕೇಳು

ಅಮೃತಹಳ್ಳಿಯ ಮುಖ್ಯರಸ್ತೆಯಲ್ಲಿ ನಮ್ಮ ಅಜ್ಜಿಯ ನಾಲ್ಕು ಮಳಿಗೆಗಳಿದ್ದವು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗ. ಬಾಡಿಗೆಗೆ ಕೇಳಿಕೊಂಡು ಯಾರೇ ಬರಲಿ, ಕಾಫಿ ಕೊಟ್ಟು, ಊರು ಮನೆ ವಿಚಾರಿಸಿ, "ಆಮೇಲೆ ಏಳ್ತೀನಿ" ಎಂದು ಕಳಿಸಿಬಿಡುತ್ತಿದ್ದಳು. ಮಾರನೆಯ ದಿನ ಅವರು ಮೊದಲು ಅಂಗಡಿ ಇಟ್ಟಿದ್ದ ಕಡೆಗೇ ಬಸ್ಸು ಹತ್ತಿ ಹೋಗಿ, ಅದರ ಪಕ್ಕದ ಅಂಗಡಿಯವರ ಹತ್ತಿರ ಹರಟೆಗೆ ಕೂರುತ್ತಿದ್ದಳು. ನನಗೋ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಕೇಳಿದರೆ, "ಅವರವರ ಇಚಾರ ಅವರೇ ಕೆಟ್ಟದಾಗಿ ಏಳ್ಕಂತಾರಾ ಕಣವ್ವ? ಪಕ್ಕದಂಗಡಿಯೋರ್ನ ಕೇಳ್ಬೇಕು" ಎನ್ನುತ್ತಿದ್ದಳು.

2015ರ ಸುಮಾರಿಗೆ ನಾನು ಆರ್.ಟಿ. ನಗರದ ಒಬ್ಬ ಆಡಿಟರ್ ಆಫೀಸಿನಲ್ಲಿದ್ದೆ. ಆಗ ಊರಲ್ಲಿ ಎಲ್ಲಿ ನೋಡಿದರೂ ಹೊಸ ಕಂಪನಿಗಳು. ಇವಕ್ಕೆಲ್ಲ ದುಡ್ಡು ಹಾಕುವವರು ಯಾರು? ಇದಕ್ಕೆ ಹಾಕೋಣ, ಅದಕ್ಕೆ ಬೇಡ ಅಂತ ಹೇಗೆ ತೀರ್ಮಾನಿಸುತ್ತಾರೆ? ಕೂತರೂ ನಿಂತರೂ ಇದೇ ಯೋಚನೆ. ಹೊಸ ಕಂಪನಿಗಳಲ್ಲಿ ದುಡ್ಡು ಹೂಡಿ ಪಾಲು ಪಡೆಯುವ ವೆಂಚರ್ ಕ್ಯಾಪಿಟಲ್ ಸಂಸ್ಥೆಯಲ್ಲೇ ಕೆಲಸ ಮಾಡಬೇಕು ಅನ್ನಿಸಿಬಿಟ್ಟಿತು. ಆರು ಕಡೆ ಅರ್ಜಿ ಹಾಕಿದೆ. ಬೇಡ ಎಂದು ತಿಳಿಸುವ ಸೌಜನ್ಯವೂ ಯಾರಿಗೂ ಇರಲಿಲ್ಲ. ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಓದಿದವರ ಅರ್ಜಿಗಳ ರಾಶಿಯಲ್ಲಿ ಸಂಜೆ ಕಾಲೇಜಿನ ಬಿ.ಕಾಂ. ಯಾರ ಕಣ್ಣಿಗೆ ಬೀಳಬೇಕು?

ಏಳನೆಯ ಸಂಸ್ಥೆ ಅರ್ಜಿಯ ಜೊತೆ ಒಂದು ಟಿಪ್ಪಣಿ ಕೇಳಿತ್ತು: ಯಾವುದಾದರೂ ಒಂದು ಹೊಸ ಕಂಪನಿಯ ಬಗ್ಗೆ, ಅದರಲ್ಲಿ ದುಡ್ಡು ಹೂಡಬೇಕೇ ಬೇಡವೇ ಎಂದು ಬರೆಯಿರಿ. ನಾನು ಮನೆಮನೆಗೆ ತರಕಾರಿ ತಲುಪಿಸುವ ಒಂದು ಕಂಪನಿಯನ್ನು ಆರಿಸಿಕೊಂಡೆ. ಆ್ಯಪ್ ಚೆನ್ನಾಗಿತ್ತು, ಪೇಪರಿನಲ್ಲೂ ಅವರದೇ ಸುದ್ದಿ. ನಾಲ್ಕು ಪುಟ ಹೊಗಳಿ ಬರೆದು, ಜಂಬದಿಂದ ಅಜ್ಜಿಗೆ ಓದಿ ಹೇಳಿದೆ.

"ಇದೆಲ್ಲ ಅವರು ಏಳಿದ್ದು. ನೀನು ಓಗಿ ನೋಡಿದ್ಯಾ?" ಎಂದಳು.

ಮೈ ಉರಿದುಹೋಯಿತು. ಆದರೆ ತಲೆಗೆ ಹುಳ ಬಿಟ್ಟಾಗಿತ್ತು. ರಜೆ ಹಾಕಿ ಯಶವಂತಪುರದಲ್ಲಿದ್ದ ಅವರ ಗೋದಾಮಿನ ಹತ್ತಿರ ಹೋದೆ. ಒಳಗಲ್ಲ, ಪಕ್ಕದ ಟೀ ಅಂಗಡಿಗೆ. ಎರಡನೇ ಟೀ ಹೊತ್ತಿಗೆ ಅಂಗಡಿಯಾಕೆ ತಾನಾಗಿಯೇ ಮಾತಿಗಿಳಿದರು.

"ಡೆಲಿವರಿ ಹುಡುಗ್ರು ಹನ್ನೊಂದ್ ಗಂಟೆವರ್ಗೂ ಇಲ್ಲೇ ಕೂತಿರ್ತಾರೆ ಕಣಮ್ಮ. ಆರ್ಡರ್ ಇದ್ರೆ ತಾನೇ ಹೋಗೋದು? ಮಧ್ಯಾಹ್ನ ಆದ್ರೆ ಹಿಂದಿನ ಗೇಟಿಂದ ಸೊಪ್ಪೆಲ್ಲಾ ಹಸುಗಳಿಗೆ."

ಮೂರು ದಿನ ಹೋದೆ. ಹಸುಗಳನ್ನು ಕಣ್ಣಾರೆ ಕಂಡೆ. ಗೇಟು ತೆರೆಯುವ ಮೊದಲೇ ಬಂದು ಕಾಯುತ್ತಿದ್ದವು, ಅವಕ್ಕೂ ಹೊತ್ತು ಅಭ್ಯಾಸವಾಗಿಬಿಟ್ಟಿತ್ತು. ನಾಲ್ಕು ಪುಟ ಹರಿದುಹಾಕಿ ಒಂದೇ ಪುಟ ಬರೆದು ಕಳಿಸಿದೆ. ದುಡ್ಡು ಹೂಡಬೇಡಿ, ಕಾರಣ ಹಿಂದಿನ ಗೇಟಿನಲ್ಲಿದೆ.

ವಾರದೊಳಗೆ ಇಂಟರ್‌ವ್ಯೂಗೆ ಕರೆ ಬಂತು. ಹೆಬ್ಬಾಳದ ಬಳಿ ಅವರ ಆಫೀಸು. ಸಂಸ್ಥೆಯ ಪಾಲುದಾರರೊಬ್ಬರು, ಕನ್ನಡದವರೇ, ನನ್ನ ಪುಟವನ್ನು ಮೇಜಿನ ಮೇಲಿಟ್ಟರು.

"ಈ ಕಂಪನೀಲಿ ನಾವು ಆಗ್ಲೇ ದುಡ್ಡು ಹಾಕಿದ್ದೀವಿ. ಗೊತ್ತಿರ್ಲಿಲ್ವಾ?"

ಅಯ್ಯೋ ದೇವರೇ! ಮೂರು ದಿನ ಟೀ ಕುಡಿದು ವಿಚಾರಿಸಿದವಳು, ಇವರದೇ ವೆಬ್‌ಸೈಟನ್ನು ಸರಿಯಾಗಿ ನೋಡಿರಲಿಲ್ಲ. "ಇಲ್ಲ ಸರ್" ಎಂದೆ.

"ಈ ಹಸುಗಳ ವಿಷಯ ಯಾರು ಹೇಳಿದ್ರು?"

"ಪಕ್ಕದ ಟೀ ಅಂಗಡಿಯವ್ರು. ಆಮೇಲೆ ನಾನೇ ನೋಡ್ದೆ."

"ಟೀ ಅಂಗಡಿಯವ್ರನ್ನ ಯಾಕೆ ಕೇಳಿದ್ರಿ?"

ಇನ್ನು ಮುಚ್ಚಿಡುವುದು ಏನಿದೆ ಎಂದು ಅಜ್ಜಿಯ ಬಸ್ ಪ್ರಯಾಣಗಳನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಏನೋ ಬರೆದುಕೊಂಡು, "ತಿಳಿಸ್ತೀವಿ" ಎಂದರು. ಅಜ್ಜಿಯ "ಆಮೇಲೆ ಏಳ್ತೀನಿ" ನೆನಪಾಯಿತು. ಮನೆ ಮುಟ್ಟುವವರೆಗೂ ಅಳು ತಡೆದುಕೊಂಡಿದ್ದೆ.

ನಾಲ್ಕು ದಿನ ಕಳೆದ ಮೇಲೆ ನಮ್ಮ ಬೀದಿಯ ತಿರುವಿನಲ್ಲಿದ್ದ ಇಸ್ತ್ರಿ ಅಂಗಡಿಯವರು ಕರೆದರು.

"ಏನಮ್ಮ, ಕಾರಲ್ಲಿ ಯಾರೋ ಬಂದಿದ್ರು. ಒಂದ್ ಶರ್ಟ್ ಇಸ್ತ್ರಿ ಮಾಡಿಸ್ಕೊಂಡು ನಿಮ್ ಬಗ್ಗೆ ಕೇಳಿದ್ರು."

"ಏನಂದ್ರಿ?"

"ಇದ್ದಿದ್ದನ್ನ ಇದ್ದಂಗೇ ಅಂದೆ. ಆಯಮ್ಮ ಬಲು ತಲೆ ತಿಂತಾರೆ. ಇದ್ದಿಲು ಎಲ್ಲಿಂದ ತರ್ತೀರ, ಮಳೆ ಬಂದ್ರೆ ಏನ್ ಮಾಡ್ತೀರ, ಬಟ್ಟೆ ಸುಟ್ರೆ ಏನ್ ಹೇಳ್ತೀರ, ಬರೀ ಪ್ರಶ್ನೆ. ಕೊಡೋದು ಮಾತ್ರ ಎರಡೇ ಬಟ್ಟೆ ಅಂದೆ."

"ನಿಮ್ಗೆ ಬೇರೇನೂ ಸಿಗ್ಲಿಲ್ವಾ ಹೇಳೋಕೆ!" ಎಂದು ರೇಗಿದೆ. ಕೆಲಸ ಕೈತಪ್ಪಿತು ಎಂದೇ ತಿಳಿದು ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ನೇಮಕಪತ್ರ ಬಂತು. ಅಡುಗೆಮನೆಗೆ ಓಡಿ ಅಜ್ಜಿಯನ್ನು ತಬ್ಬಿಕೊಂಡೆ. ಅವಳ ಕಣ್ಣೂ ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಕೇಳಿದಳು:

"ಅವರು ಬಂದು ನಿನ್ ಇಚಾರ ಕೇಳ್ಕಂಡ್ ಓದ್ರು, ಸರಿ. ಅವರ ಪಕ್ಕದಂಗಡೀಲಿ ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಶನಿವಾರ ಬೆಳಗ್ಗೆ ಇಬ್ಬರೂ ಹೆಬ್ಬಾಳದ ಬಸ್ಸು ಹತ್ತಿದೆವು.