ಸುಬಲ್ ಕಾಕಾನ ಗೇಣು

ಸುಬಲ್ ಕಾಕಾನ ಬಲಗೈ ರೊಟ್ಟಿ ಹಂಚಿನಷ್ಟು ಅಗಲವಿತ್ತು. ಎಡಗೈಯ ಕಿರುಬೆರಳನ್ನು ಭತ್ತದ ರಾಶಿ ಮಷೀನು ಎಂದೋ ನುಂಗಿತ್ತು. ಆ ಕೈಯನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬಲಗೈಯೇ ನಮ್ಮ ಮೀನು ಹಿಡಿಯುವ ಸ್ಪರ್ಧೆಯ ಕಾನೂನು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಕಾಕಾನ ಒಂದು ಗೇಣು. ಅದಕ್ಕಿಂತ ಸಣ್ಣ ಮೀನು ಯಾರೇ ಹಿಡಿದಿರಲಿ, ಜೀವಂತ ವಾಪಸ್ ಕೆರೆಗೆ.

ಕೆರೆ ಇರುವುದು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಪಕ್ಕ. ಸಿಂಧನೂರಿನ ಹುಡುಗರು ಮೊಬೈಲಿನಲ್ಲಿ ಕಯಾಕಿನಲ್ಲಿ ಕೂತು ಮೀನು ಹಿಡಿಯುವ ಸ್ಪರ್ಧೆ ನೋಡಿ ಹುಚ್ಚು ಹಿಡಿಸಿಕೊಂಡರು. ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆ ದೋಣಿ. ಇಲ್ಲಿ ಅದನ್ನು ಎಲ್ಲಿಂದ ತರೋದು? ನೀಲಿ ಪ್ಲಾಸ್ಟಿಕ್ ಡ್ರಮ್ಮು ಸೀಳಿ, ಜೋಡಿಸಿ, ಅದಕ್ಕೇ ಕಯಾಕ್ ಅಂದರು. ಮಸ್ಕಿ, ಮುಕ್ಕುಂದದಿಂದೆಲ್ಲ ಮಂದಿ ಬಂತು. ನಾನು ಲಿಂಗಸುಗೂರಿನಲ್ಲಿ ಹೈಸ್ಕೂಲ್ ಟೀಚರ್. ತುರ್ವಿಹಾಳದ ಕಾಲುವೆಯಲ್ಲಿ ಅಪ್ಪನ ಜೊತೆ ಗಾಳ ಹಾಕಿ ಬೆಳೆದವಳು, ಸುಮ್ಮನಿರಲಾಗದೆ ನಾನೂ ಒಂದು ಡ್ರಮ್ಮಿನಲ್ಲಿ ಕೂತೆ.

ಮೊದಲ ವರ್ಷವೇ ಮೀನಿನ ಅಳತೆಗೆ ಜಗಳ. ಎಲ್ಲರ ಕಿಸೆಯಲ್ಲೂ ಟೇಪು. ಒಬ್ಬ ಬಾಲ ಹರಡಿ ಅಳೆದ, ಇನ್ನೊಬ್ಬ ಮೀನಿನ ಬಾಯಿ ತೆರೆದು ಅಳೆದ. ಕೊರಳಪಟ್ಟಿ ಹಿಡಿಯುವ ಹೊತ್ತಿಗೆ, ದಂಡೆಯಲ್ಲಿ ಬೀಡಿ ಸೇದುತ್ತಿದ್ದ ಕಾಕಾ ಎದ್ದು ಬಂದರು. ಮೀನಿನ ಬಾಯಿ ಮುಚ್ಚಿ, ಬಾಲ ಮಡಚಿ, ಅದರ ಮೇಲೆ ತಮ್ಮ ಕೈ ಹರಡಿದರು.

"ಟೇಪು ಜಗ್ಗಿದ್ರ ಅದಕ್ಕೇನು ನೋವಿಲ್ಲ, ಎಷ್ಟರ ಜಗ್ರಿ. ಕೈ ಜಗ್ಗಿದ್ರ ನೋಯ್ತದ. ಅದಕ್ಕ ಕೈ ಸುಳ್ಳು ಹೇಳಂಗಿಲ್ಲ."

ಬಂಗಾಳದ ಕಡೆಯಿಂದ ತಾಯಿಯ ಕಂಕುಳಲ್ಲಿ ಈ ಕ್ಯಾಂಪಿಗೆ ಬಂದವರು ಅವರು. ಮಾತು ನಮ್ಮದೇ, ಬೈಗುಳ ಮಾತ್ರ ಬಂಗಾಳಿ. ಅಂದಿನಿಂದ ಕಾಕಾ ಬೇವಿನ ನೆರಳಲ್ಲಿ ಕೂರುವುದು, ನಾವು ಹಿಡಿದ ಮೀನು ಬಕೆಟ್ಟಿನಲ್ಲಿ ಅವರ ಮುಂದೆ ಒಯ್ಯುವುದು ರೂಢಿಯಾಯಿತು.

ಅವರ ಮಂದಿಯಲ್ಲಿ ಅಳಿಯನನ್ನು ಕರೆದು ದೊಡ್ಡ ಮೀನು ಬಡಿಸುವ ಹಬ್ಬವಿದೆ, ಜಮಾಯ್ ಷಷ್ಠಿ. ಒಂದು ವರ್ಷ ಸ್ಪರ್ಧೆಯೂ ಅದೇ ದಿನ ಬಿತ್ತು. ಕಾಕಾನನ್ನು ಬಾಬಾ ಎಂದು ಕರೆಯುತ್ತಿದ್ದ ಹೊಸ ಅಳಿಯ ತಪನ್ ತಾನೇ ನೀರಿಗಿಳಿದು ಒಂದು ರೋಹು ಹಿಡಿದ. ಮಾಲತಿ ಕಾಕಿ ಆಗಲೇ ಮೀನು ಸಾರಿಗೆ ಸಾಸಿವೆ ಅರೆದಿಟ್ಟು ದಂಡೆಗೆ ಬಂದು ನಿಂತಿದ್ದರು. ಕಾಕಾ ಗೇಣಿಟ್ಟರು. ಉಗುರಿನಷ್ಟು ಕಮ್ಮಿ.

"ಇವತ್ತೊಂದಿನ ಹೂಂ ಅನ್ರೀ, ಅಳಿಯ ಬಂದಾನ," ಎಂದರು ಕಾಕಿ.

"ಅಂವ ಅಳಿಯ ನನಗ. ಮೀನಿಗಲ್ಲ."

ಮೀನು ಕೆರೆಗೆ ಹೋಯಿತು. ಹಬ್ಬದೂಟಕ್ಕೆ ತತ್ತಿ ಸಾರು. ಎಂಥಾ ಮನುಷ್ಯರಪ್ಪಾ ಇವರು ಎಂದು ನನಗೇ ಸಿಟ್ಟು ಬಂದಿತ್ತು. ಕಾಕಿ ತಟ್ಟೆ ಕುಕ್ಕಿದ ಸಪ್ಪಳ ಓಣಿಗೆಲ್ಲ ಕೇಳಿತಂತೆ.

ಆಮೇಲೆ ಕಾಕಾಗೆ ಲಕ್ವಾ ಹೊಡೆಯಿತು, ಬಲಗಡೆಗೇ. ಕೈ ಮಡಚಿಕೊಂಡು ಮುಷ್ಟಿಯಾಯಿತು. ಮುಂದಿನ ಸ್ಪರ್ಧೆಗೆ ಕುರ್ಚಿಯ ಸಮೇತ ಹೊತ್ತು ತಂದೆವು. ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಶರಣಪ್ಪ ಒಂದು ಮರಿ ರೋಹು ತಂದು ಆ ಮುಷ್ಟಿಯ ಕೆಳಗಿಟ್ಟ. ತಲೆ ಈಚೆ, ಬಾಲ ಆಚೆ.

"ಪಾಸಾತು ನೋಡ್ರಿ ಕಾಕಾ!"

ಮಂದಿ ನಕ್ಕಿತು. ಕಾಕಾ ತಮ್ಮ ಕೈಯನ್ನೇ ನೋಡುತ್ತ ಕೂತರು. ಆಮೇಲೆ ತೊದಲುತ್ತ ಹೇಳಿದರು.

"ಕೈ ಸಣ್ಣದಾಗೇತಿ ಶರಣಪ್ಪಾ. ಮೀನು ದೊಡ್ಡದಾಗಿಲ್ಲ."

ಶರಣಪ್ಪ ಮೀನು ಬಿಟ್ಟು ಬಂದ. ಆದರೆ ಆ ದಿನ ಅಳತೆಯೇ ಇಲ್ಲದೆ ಮತ್ತೆ ಟೇಪುಗಳು ಹೊರಬಂದವು, ಮತ್ತೆ ಬಾಯಿ ಜೋರಾಯಿತು. ಮರಿ ಮೀನುಗಳೆಲ್ಲ ಚೀಲ ಸೇರಿದವು. ಕಾಕಾ ಕುರ್ಚಿಯಲ್ಲಿ ಕೂತು ನೋಡಿದರು.

ಮರುವಾರ ನನಗೆ ಹೇಳಿಕಳಿಸಿದರು. ಹೋದೆ. ಹೊರಸಿನ ಮೇಲೆ ಒರಗಿದ್ದರು.

"ಟೀಚರಮ್ಮಾ, ನಿನ್ನ ಕೈ ಇಲ್ಲಿಡು. ನೀ ಸಿಟ್ಟಿನಾಕಿ, ಯಾರಿಗೂ ಅಂಜಂಗಿಲ್ಲ. ನನ್ನ ಅಳತಿ ತಗೋ."

ಕಿರುಬೆರಳಿಲ್ಲದ ಎಡಗೈಯಿಂದ ತಮ್ಮ ಬಲಗೈಯ ಬೆರಳುಗಳನ್ನು ಬಿಡಿಸತೊಡಗಿದರು. ಆಗಲಿಲ್ಲ. "ನೀ ಜಗ್ಗು," ಎಂದರು. ಜಗ್ಗಿದೆ. ಅವರ ಕಣ್ಣಲ್ಲಿ ನೀರು ಬಂತು. ಸಾಕು ಕಾಕಾ ಎಂದೆ.

"ಇನ್ನಷ್ಟು ಜಗ್ಗು. ನನ್ನ ಕೈ ಇಷ್ಟ ಇರಲಿಲ್ಲ. ಸುಳ್ಳು ಅಳತಿ ಕೊಟ್ಟು ಹೋಗ್ಲೇನು?"

ಕೈ ಪೂರ್ತಿ ಹರಡಿಕೊಂಡಿತು. ಅದರ ಮೇಲೆ ನನ್ನ ಗೇಣಿಟ್ಟೆ. ನನ್ನ ಗೇಣು, ಅದರ ಮುಂದೆ ಅಡ್ಡ ಒಂದು ಬೆರಳು: ಅದು ಕಾಕಾನ ಗೇಣು. ಕೈ ಬಿಟ್ಟ ಕೂಡಲೇ ಮತ್ತೆ ಮಡಚಿಕೊಂಡಿತು. ಅದೇ ಕೊನೆಯ ಭೇಟಿ.

ಸುದ್ದಿ ಬಂದಾಗ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೌದಾ ಎಂದೆ. ಉಳಿದದ್ದನ್ನೂ ತಿದ್ದಿದೆ. ಆಮೇಲೆ ಬಸ್ಸು ಹತ್ತಿ ಹೋದೆ, ಎಲ್ಲರ ಜೊತೆ ನಿಂತೆ, ಕಾಕಿಯ ಪಕ್ಕ ಕೂತೆ. ಏನೂ ಅನಿಸಲಿಲ್ಲ. ಅಳು ಬರಲಿಲ್ಲವಲ್ಲ ಎಂಬ ಬೇಜಾರೂ ಆಗಲಿಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದೆ; ಉಂಡೆ, ಪಾಠ ಮಾಡಿದೆ, ಮಲಗಿದೆ.

ಈ ವರ್ಷ ಬೇವಿನ ಕೆಳಗೆ ನಾನು ಕೂತೆ. ಹುಡುಗರು ಟೇಪು ತಂದಿದ್ದರು, ಒಳಗಿಡ್ರಿ ಎಂದೆ. ಮೊದಲ ಬಕೆಟ್ಟು ತಂದವನು ತಪನ್. ಮೀನಿನ ಬಾಯಿ ಮುಚ್ಚಿದೆ, ಬಾಲ ಮಡಚಿದೆ, ಹೆಬ್ಬೆರಳ ಬುಡ ಉರಿಯುವಷ್ಟು ಕೈ ಹರಡಿದೆ, ಮುಂದೆ ಒಂದು ಬೆರಳಿಟ್ಟೆ. ಆ ಬೆರಳಿನ ಆಚೆ ಅಂಚಿಗೆ ಬಾಲ ಮುಟ್ಟಲಿಲ್ಲ.

"ಸಣ್ಣದೈತ್ರಿ. ಬಿಡ್ರಿ."

ಹಿಂದೆ ನಿಂತಿದ್ದ ಶರಣಪ್ಪ ಮೆಲ್ಲಗೆ ಅಂದ: "ಟೀಚರಮ್ಮಾರ, ಅವರು ಕಾಕಾನ ಅಳಿಯರೀ."

"ಮೀನಿಗಲ್ರೀ," ಎಂದೆ.

ತಪನ್ ನನ್ನನ್ನೇ ನೋಡಿದ. ನೀರಿನಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಮೀನು ಬಿಟ್ಟ. ಬೆನ್ನು ತಿರುಗಿಸಿಕೊಂಡೇ, "ಬರೋಬ್ಬರಿ ಐತ್ರಿ, ಬಾಬಾಂದ ಅಳತಿ," ಎಂದ.

ನನ್ನ ಕೈ ನೋಯುತ್ತಿತ್ತು. ಮಡಚಲು ಮನಸ್ಸಾಗದೆ ಹಾಗೇ ಹರಡಿಕೊಂಡು ಕೂತಿದ್ದೆ.