ಗಂಡಸರ ಪ್ರಾರ್ಥನೆ ಮುಗಿಯುವವರೆಗೆ ಕಮೂನಜ್ಜಿಯ ಶಾಲೆ

ಬೆಳಕು ಹರಿಯುವ ಮೊದಲೇ ನಮ್ಮ ಯಹೂದಿ ಕೇರಿ ಹಾರಾದ ಗಂಡಸರು ಬೆಳಗಿನ ಪ್ರಾರ್ಥನೆಗೆಂದು ಸಿನಗಾಗ್ ಕಡೆ ಹೊರಡುತ್ತಾರೆ. ಅವರ ಬೆನ್ನು ಮರೆಯಾಗುತ್ತಿದ್ದಂತೆ ಇತ್ತ ಕಮೂನಜ್ಜಿಯ ಅಂಗಳದಲ್ಲಿ ಶಾಲೆ ಶುರು. ವಿದ್ಯಾರ್ಥಿನಿಯರೆಲ್ಲ ಮೊಮ್ಮಕ್ಕಳನ್ನು ಕಂಡವರೇ. ಒಬ್ಬಾಕೆ ಮಂಡಿ ನೀವಿಕೊಳ್ಳುತ್ತಾ ಚಾಪೆಗೆ ಇಳಿಯುತ್ತಾರೆ, ಇನ್ನೊಬ್ಬಾಕೆ ಇವತ್ತೂ ಕನ್ನಡಕ ಮರೆತು ಬಂದಿದ್ದಾರೆ. ಗಂಡಸರು ಮನೆಗೆ ಬಂದು ಕಾಫಿ ಕೇಳುವುದರೊಳಗೆ ಪಾಠ ಮುಗಿಯಬೇಕು. ಸೋಮವಾರ, ಗುರುವಾರ ಅಲ್ಲಿ ಧರ್ಮಗ್ರಂಥ ತೋರಾವನ್ನೂ ಓದುತ್ತಾರಾದ್ದರಿಂದ ಪ್ರಾರ್ಥನೆ ಉದ್ದ, ಹಾಗಾಗಿ ಇಲ್ಲಿ ಪಾಠವೂ ಉದ್ದ. ಇವತ್ತು ಸೋಮವಾರ, ಅಜ್ಜಿಯ ಉತ್ಸಾಹ ಕೇಳಬೇಡಿ.

"ಅವರು ನಿಧಾನಕ್ಕೆ ಬರ್ಲಿ, ನೀವು ಬೇಗ ಬೇಗ ಓದಿ. ಹರಟೆ ಆಮೇಲೆ," ಎಂದು ಅಜ್ಜಿ ಕೋಲಿನಿಂದ ನೆಲ ತಟ್ಟುತ್ತಾರೆ.

ಎಪ್ಪತ್ತೆಂಟರ ಕಮೂನಾ ಸಬ್ಬಾನ್ ಜೆರ್ಬಾ ದ್ವೀಪದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ತಲೆ ನರೆಯುವವರೆಗೂ ಹೀಬ್ರೂ ಕಲಿಸಿದವರು. ನಾನೂ ಅವರಿಂದ ಕಿವಿ ಹಿಂಡಿಸಿಕೊಂಡೇ ಅಕ್ಷರ ಕಲಿತವಳು. ನಿವೃತ್ತರಾದ ಮೇಲಾದರೂ ಸುಮ್ಮನೆ ಕೂತರೇ? ಬಾಣಂತಿಯರಿಗೆ ಸೂಪು ಹೊತ್ತರು, ಒಲೆ ಹಚ್ಚದ ಶನಿವಾರದ ಊಟಕ್ಕೆಂದು ಕೈಲಾಗದವರ ಶುಕ್ರವಾರದ ಮಡಕೆಗಳನ್ನು ಬೀದಿಯ ಸಾಮೂಹಿಕ ಒಲೆಗೆ ಸಾಗಿಸಿದರು. ಒಂದು ದಿನ ಸಿನಗಾಗ್‌ನಲ್ಲಿ ಪಕ್ಕದವರು ಹಾಳೆ ತಿರುಗಿಸಿದಾಗಲೆಲ್ಲ ತಾನೂ ತಿರುಗಿಸುತ್ತಿದ್ದ ಗೆಳತಿಯನ್ನು ಕಂಡರು. ಪ್ರಾರ್ಥನೆ ಮಾತ್ರ ಆಕೆಯ ಬಾಯಲ್ಲಿ ನೀರು ಹರಿದಂತೆ ಹರಿಯುತ್ತಿತ್ತು. ಮರುದಿನವೇ ಅಂಗಳದಲ್ಲಿ ಚಾಪೆ ಹಾಸಿದರು.

"ಇವರ ಕಾಲದಲ್ಲಿ ಹುಡ್ಗೀರ್ನ ಶಾಲೆಗೆ ಯಾರು ಕಳಿಸ್ತಿದ್ರು? ಎಲ್ಲಾ ಕೇಳಿ ಕೇಳಿ ಬಾಯಿಪಾಠ ಕಣೇ. ಏನೂ ಬಾರದವರಿಗೆ ಕಲಿಸ್ಬಹುದು, ಎಲ್ಲಾ ಬರೋರಿಗೆ ಕಲಿಸೋದೇ ಕಷ್ಟ," ಎನ್ನುತ್ತಾರೆ. ಅದಕ್ಕೇ ಇಲ್ಲಿ ಪ್ರತಿ ಸಾಲನ್ನೂ ಕೊನೆಯ ಪದದಿಂದ ಹಿಂದಕ್ಕೆ ಓದಿಸುತ್ತಾರೆ. ನಾಲಿಗೆ ಓಡುವಂತಿಲ್ಲ, ಕಣ್ಣೇ ದುಡಿಯಬೇಕು. ಗಂಡಸರು ಇದನ್ನು ಬೊಚ್ಚುಬಾಯಿಯ ಬಾಲವಾಡಿ ಎಂದು ಆಡಿಕೊಳ್ಳುತ್ತಾರೆ.

ಇಂದಿನ ಪಾಠಕ್ಕೆ ಬೇರೆಯೇ ಬಿಸಿ ಇದೆ. ಸಂಜೆ ಮನೆಮನೆಯಲ್ಲೂ ಬ್ಸೀಸಾ, ವರ್ಷಕ್ಕೊಮ್ಮೆ ಹಿಟ್ಟು ಕಲಸಿ ಒಳಿತು ಬೇಡುವ ಹಬ್ಬ. ವರ್ಷವೆಲ್ಲ ಒಳ್ಳೆಯದರ ಬಾಗಿಲು ತೆರೆದಿರಲಿ ಎಂದು ಪುಸ್ತಕ ನೋಡಿ ಓದಿ, ಹುರಿದ ಹಿಟ್ಟಿಗೆ ಎಣ್ಣೆ ಬೀಳುತ್ತಿದ್ದಂತೆ ಮನೆಯ ಬೀಗದಕೈಯಿಂದ ಅದನ್ನು ಕಲಸುವುದು ಯಜಮಾನನ ಕೆಲಸ. ಅಜ್ಜಿಯ ಶಿಷ್ಯೆ, ಅರವತ್ತಾರರ ತುಫಾಹಾ, ಈ ಚಳಿಗಾಲದಲ್ಲಿ ಗಂಡನನ್ನು ಕಳೆದುಕೊಂಡವರು. ಆಕೆಯ ಮೈದುನ, ಬೆಳ್ಳಿ ಕೆಲಸದ ಪೆರೆಜ್, ತಾನೇ ಬಂದು ಓದುವುದಾಗಿ ಹೇಳಿದ್ದ.

"ನನ್ನ ಮನೆ ಬೀಗದಕೈ ಇನ್ನೊಬ್ಬರ ಕೈಗೆ ಯಾಕೆ? ನಾನೇ ಓದ್ತೀನಿ," ಎಂದರು ತುಫಾಹಾ.

"ಓದಿ ಅತ್ತಿಗೆ, ಯಾರು ಬೇಡ ಅಂದ್ರು? ಆದ್ರೆ ಓದ್ಬೇಕು. ಬಾಯಿಪಾಠ ಒಪ್ಪಿಸಿದ್ರೆ ಮುಂದಿನ ವರ್ಷದಿಂದ ಬೀಗದಕೈ ನನ್ನ ಕೈಗೆ," ಎಂದ ಪೆರೆಜ್. ತುಫಾಹಾ ಒಪ್ಪಿಬಿಟ್ಟರು.

ಸಂಜೆ ಅವರ ಮನೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಎಲ್ಲರೂ ಹಿಟ್ಟಿಗೆ ಬೆರಳಿಟ್ಟು ಕಾಯುತ್ತಾರೆ. ತುಫಾಹಾ ಒಂದು ಕೈಯಲ್ಲಿ ಬೀಗದಕೈ ಹಿಡಿದು, ಇನ್ನೊಂದು ಕೈಯ ಬೆರಳನ್ನು ಸಾಲಿನ ಮೇಲಿಟ್ಟು ಓದತೊಡಗುತ್ತಾರೆ. ಮೊದಲ ಸಾಲು ಸರಾಗ. ಎರಡನೆಯದೂ ಸರಾಗ. ಪೆರೆಜ್ ತುಟಿಯಂಚಿನಲ್ಲಿ ನಗುತ್ತಾನೆ.

ಮೂರನೆಯ ಸಾಲಿನ ನಡುವೆ ದನಿ ನಿಂತುಹೋಗುತ್ತದೆ. ಬೆರಳು ಒಂದೇ ಪದದ ಮೇಲೆ ಕೂತಿದೆ. ಪೆರೆಜ್ ಮುಂದಿನ ಪದ ಹೇಳಲು ಬಾಯಿ ತೆರೆಯುತ್ತಾನೆ.

"ಹೇಳ್ಕೊಡ್ಬೇಡ ಕಣೋ. ಕಾಣಿಸ್ತಾ ಇದೆ," ಎನ್ನುತ್ತಾರೆ ತುಫಾಹಾ, ಪುಸ್ತಕದಿಂದ ಕಣ್ಣೆತ್ತದೆ. ಒಂದೊಂದೇ ಅಕ್ಷರ ಕೂಡಿಸುತ್ತಾರೆ. ಪದ ಬಾಯಿಗೆ ಬರುತ್ತದೆ, ಸಾಲು ಮುಂದೆ ಸಾಗುತ್ತದೆ. ನನ್ನ ಕಣ್ಣು ತುಂಬಿ ಬರುತ್ತದೆ.

ಓದು ಮುಗಿಯುತ್ತಿದ್ದಂತೆ ಪೆರೆಜ್ ಎಣ್ಣೆಯ ಜಗ್ಗು ಎತ್ತಿಕೊಂಡು ಮೆಲ್ಲಗೆ ಕೇಳುತ್ತಾನೆ: "ಹಾಕ್ಲಾ ಅತ್ತಿಗೆ?"

ಕಮೂನಜ್ಜಿ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಾರೆ.

"ನಿಂತ್ಲು, ನೋಡಿದ್ಯಾ? ಬಾಯಿಪಾಠ ಒಪ್ಪಿಸೋರು ಅಲ್ಲಿ ನಿಲ್ಲಲ್ಲ ಕಣೇ."